ರೋಗಿಯ ಮೊಬೈಲಿಗೆ ಬಾರದ ಮಾತು

ಮಧುಮೇಹವಿರುವ ವ್ಯಕ್ತಿ ವೈದ್ಯರೆದುರು ಕುಳಿತುಕೊಳ್ಳುವುದು ಹೆಚ್ಚೆಂದರೆ ಎರಡು-ಮೂರು ತಿಂಗಳಿಗೊಮ್ಮೆ. ಅದೂ ಐದು-ಹತ್ತು ನಿಮಿಷ. ಉಳಿದ ದಿನಗಳಲ್ಲಿ ಊಟದ ಅಳತೆ, ಮಾತ್ರೆಯ ಹೊತ್ತು, ಕಾಲಿನ ಗಾಯದ ಆರೈಕೆ, ನಡುರಾತ್ರಿ ಬೆವರಿ ಕೈ ನಡುಗಿದಾಗ ಏನು ಮಾಡಬೇಕೆಂಬ ತೀರ್ಮಾನ, ಎಲ್ಲವೂ ಆತನ ಅಥವಾ ಮನೆಯವರ ಹೊಣೆ. ಅನುಮಾನ ಬಂದೊಡನೆ ಕೈ ಮೊಬೈಲಿನತ್ತ ಹೋಗುವುದು ಸಹಜ. ಇದನ್ನು ಕಂಡು ಸಿಡುಕುವ ವೈದ್ಯರೂ ಇದ್ದಾರೆ. ಹುಡುಕುವ ರೋಗಿಯನ್ನು ದೂರುವ ಮೊದಲು, ಹುಡುಕಿದಾಗ ಅವನಿಗೆ ಸಿಗುವುದೇನು ಎಂಬುದನ್ನು ನೋಡಬೇಕಾಗಿದೆ.

ಇದು ಕೆಲವೇ ಜನರ ಸಮಸ್ಯೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಅಧಿಕ ರಕ್ತದೊತ್ತಡ ಉಳ್ಳವರು 31.5 ಕೋಟಿ.

ಇವರಲ್ಲಿ ಇಂಗ್ಲಿಷ್ ಬಲ್ಲವರಿಗೂ ಮೊಬೈಲಿನ ದಾರಿ ಸಲೀಸಲ್ಲ. ನಮ್ಮ ಪ್ರಯೋಗಾಲಯಗಳು ರಕ್ತದ ಸಕ್ಕರೆಯನ್ನು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಬರೆಯುತ್ತವೆ. ಬ್ರಿಟನ್ನಿನ ಜಾಲತಾಣಗಳದ್ದು ಲೀಟರಿಗೆ ಇಷ್ಟು ಮಿಲಿಮೋಲ್ ಎಂಬ ಲೆಕ್ಕ. ಇಲ್ಲಿನ 126 ಅಲ್ಲಿ 7 ಆಗುತ್ತದೆ. ಎರಡು-ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿಯೂ 7 ಎಂಬ ಅಂಕಿ ಬರುತ್ತದೆ, ಆದರೆ ಅಲ್ಲಿ ಅದರ ಅರ್ಥ ಸುಮಾರು 154ರ ಸರಾಸರಿ. ವಾಟ್ಸ್ಆ್ಯಪಿನಲ್ಲಿ ಬಂದ ಲ್ಯಾಬ್ ವರದಿಯನ್ನು ಹಿಡಿದು ಹುಡುಕಾಟಕ್ಕೆ ಇಳಿದ ಪದವೀಧರನೂ ಎಡವುವ ಜಾಗವಿದು. ಇನ್ನು ಆಹಾರದ ಸಲಹೆಗಳೋ, ಓಟ್ಸ್ ಮತ್ತು ಕ್ವಿನೋವಾದಿಂದ ಈಚೆಗೆ ಬರುವುದೇ ಅಪರೂಪ. ಮುದ್ದೆಯ ಗಾತ್ರ ಎಷ್ಟಿರಬೇಕು, ರಾಗಿ ಒಳ್ಳೆಯದೆಂದು ಲೋಟಗಟ್ಟಲೆ ಗಂಜಿ ಕುಡಿದರೆ ಸಕ್ಕರೆ ಏಕೆ ಏರುತ್ತದೆ, ಜೋಳದ ರೊಟ್ಟಿ ಎರಡೋ ಮೂರೋ, ಕುಚ್ಚಲಕ್ಕಿ ಅನ್ನಕ್ಕೆ ರಿಯಾಯಿತಿ ಉಂಟೇ ಎಂದು ಕೇಳುವ ಮಂಡ್ಯ, ಕಲಬುರಗಿ, ಉಡುಪಿಯ ರೋಗಿಗಳಿಗೆ ಅಲ್ಲಿ ಉತ್ತರವಿಲ್ಲ.

ಕನ್ನಡದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲವೆಂದಲ್ಲ. ಕೇಂದ್ರ ಸರ್ಕಾರದ ವಿಕಾಸಪೀಡಿಯದ ಕನ್ನಡ ಆವೃತ್ತಿಯಲ್ಲಿ ಆರೋಗ್ಯ ವಿಭಾಗವಿದೆ. ಆದರೆ ಅಲ್ಲಿಗೆ ತಲುಪುವ ಮೊದಲೇ ಬೆಂಡೆಕಾಯಿ ನೀರು, ನೇರಳೆ ಬೀಜದ ಪುಡಿ, 'ಇಪ್ಪತ್ತೊಂದು ದಿನದಲ್ಲಿ ಇನ್ಸುಲಿನ್ ಬಿಡಿ' ಎನ್ನುವ ವಿಡಿಯೊಗಳು ಎದುರಾಗುತ್ತವೆ. ಟೈಪ್ 1 ಮಧುಮೇಹವಿರುವ ಮಗುವಿಗೆ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಜೀವಕ್ಕೆ ಅಪಾಯ. ರಕ್ತದೊತ್ತಡಕ್ಕೆ ಒಳ್ಳೆಯದೆಂದು ಹೊಗಳಿಸಿಕೊಳ್ಳುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡ ಸೋತವರಿಗೆ ಅದು ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಈಗ ಕನ್ನಡದಲ್ಲೇ ಉತ್ತರಿಸುವ ಕೃತಕ ಬುದ್ಧಿಮತ್ತೆಯ ಆ್ಯಪುಗಳೂ ಬಂದಿವೆ. ಕೇಳಿದವರ ಮೂತ್ರಪಿಂಡದ ಸ್ಥಿತಿಯನ್ನು ತಾವಾಗಿ ತಿಳಿಯುವ ಶಕ್ತಿ ಅವಕ್ಕಿಲ್ಲ.

ಇಂಥ ಸುಳ್ಳು ಭರವಸೆಗಳನ್ನು ತಡೆಯಲು ಕಾನೂನು ಇಲ್ಲವೇ? ಇದೆ, 1954ರಿಂದಲೂ ಇದೆ. ಮಧುಮೇಹವನ್ನು, ರಕ್ತದೊತ್ತಡವನ್ನು ಗುಣಪಡಿಸುತ್ತೇವೆಂದು ಔಷಧ ಜಾಹೀರಾತು ನೀಡುವುದನ್ನು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸುತ್ತದೆ. ಬೆಳಕು, ಧ್ವನಿ ಅಥವಾ ಹೊಗೆಯ ಮೂಲಕ ಮಾಡುವ ಪ್ರಕಟಣೆಯೂ ಜಾಹೀರಾತೇ ಎಂದು ಅಂದಿನ ಶಾಸನಕರ್ತರು ಬರೆದಿಟ್ಟಿದ್ದಾರೆ. ಮೊಬೈಲ್ ಪರದೆಯಲ್ಲಿ ಹೊಗೆಯೊಂದನ್ನು ಬಿಟ್ಟು ಉಳಿದೆರಡೂ ಇವೆ! ಕೊರತೆ ಇರುವುದು ಜಾರಿಯಲ್ಲಿ.

ಆದರೆ ಸುಳ್ಳನ್ನು ಅಳಿಸಿದ ಮಾತ್ರಕ್ಕೆ ರೋಗಿಯ ಪ್ರಶ್ನೆಗೆ ಉತ್ತರ ದೊರೆಯುವುದಿಲ್ಲ. ಉತ್ತರಿಸಬೇಕಾದ ಸರ್ಕಾರ ಮೊಬೈಲನ್ನು ಬಳಸುತ್ತಿರುವ ರೀತಿ ವಿಚಿತ್ರವಾಗಿದೆ. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಡಿ ಮೂವತ್ತು ದಾಟಿದವರ ತಪಾಸಣೆ ನಡೆಯುತ್ತದೆ. ರಾಜ್ಯದಲ್ಲಿ 2024ರಲ್ಲಿ ಕೋಲಾರದಿಂದ ಆರಂಭವಾದ ಗೃಹ ಆರೋಗ್ಯ ಯೋಜನೆ ಇದೇ ಕೆಲಸವನ್ನು ಮನೆಬಾಗಿಲಿಗೆ ಒಯ್ದಿದೆ. ಹೆಸರು, ದೂರವಾಣಿ ಸಂಖ್ಯೆ, ರಕ್ತದೊತ್ತಡ, ಸಕ್ಕರೆಯ ಮಟ್ಟ ಎಲ್ಲವೂ ದಾಖಲಾಗುತ್ತವೆ. ಹೀಗೆ ಸಂಗ್ರಹವಾದ ಮಾಹಿತಿ ಹಳ್ಳಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜಧಾನಿಗೆ ಏರುತ್ತಲೇ ಹೋಗುತ್ತದೆ. ಇಷ್ಟೆಲ್ಲ ವಿವರ ಕೊಟ್ಟ ರೋಗಿಯ ಮೊಬೈಲಿಗೆ ಮರಳಿ ಬರಬೇಕಾದ ತಿಳಿವಳಿಕೆಯ ಮಾತಿಗೆ ಮಾತ್ರ ಇಷ್ಟೇ ಗಟ್ಟಿಯಾದ ಏರ್ಪಾಡಿಲ್ಲ.

ಇದು ಅಸಾಧ್ಯವೇನಲ್ಲ. ಗರ್ಭಿಣಿಯರಿಗಾಗಿ 2016ರಲ್ಲಿ ಕೇಂದ್ರ ಸರ್ಕಾರ ಹಲವು ರಾಜ್ಯಗಳಲ್ಲಿ ಆರಂಭಿಸಿದ ಕಿಲ್ಕಾರಿ ಯೋಜನೆಯಲ್ಲಿ ನಾಲ್ಕನೇ ತಿಂಗಳಿಂದ ಮಗುವಿಗೆ ವರ್ಷ ತುಂಬುವವರೆಗೆ ವಾರಕ್ಕೊಂದರಂತೆ 72 ಧ್ವನಿ ಕರೆಗಳು ಬರುತ್ತವೆ. ಸ್ಮಾರ್ಟ್‌ಫೋನ್ ಬೇಡ, ಅಕ್ಷರವೂ ಬೇಡ. ಮಧುಮೇಹಕ್ಕೂ ಅದೇ ವರ್ಷ ಎಂ-ಡಯಾಬಿಟಿಸ್ ಎಂಬ ಯೋಜನೆ ಬಂದು, ಮಿಸ್ಡ್ ಕಾಲ್ ಕೊಟ್ಟವರಿಗೆ ಕಿರುಸಂದೇಶ ಕಳುಹಿಸುವ ವ್ಯವಸ್ಥೆಯಾಗಿತ್ತು. ಆದರೆ ಕಿರುಸಂದೇಶವನ್ನು ಓದಬೇಕು. ಕಣ್ಣು ಮಂಜಾದ ಮಧುಮೇಹಿಗೆ ಅದೇ ಕಷ್ಟ.

ಧ್ವನಿಗೆ ಒತ್ತು ಕೊಡಲು ಮತ್ತೊಂದು ಕಾರಣವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವೇಳೆ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಒಮ್ಮೆಯಾದರೂ ಅಂತರ್ಜಾಲ ಬಳಸಿದ್ದವರು ಶೇ 33ರಷ್ಟು, ಪುರುಷರಲ್ಲಿ ಶೇ 57ರಷ್ಟು. ಮನೆಯಲ್ಲಿ ಅಡುಗೆ ಮಾಡುವವರು, ಮಾತ್ರೆ ನೆನಪಿಸುವವರು ಹೆಚ್ಚಾಗಿ ಮಹಿಳೆಯರೇ ಆಗಿರುವಾಗ ಅವರನ್ನು ಹೊರಗಿಟ್ಟ ಆ್ಯಪು ಯಾರಿಗೆ?

ರಾಜ್ಯದ ಆರೋಗ್ಯ ಇಲಾಖೆ ಮಾಡಬೇಕಾದುದು ಸ್ಪಷ್ಟವಾಗಿದೆ. ವೈದ್ಯರೂ ಆಹಾರತಜ್ಞರೂ ಒಪ್ಪಿದ ಮಾತುಗಳನ್ನು ಮೈಸೂರು, ಧಾರವಾಡ, ಕಲಬುರಗಿ, ಕರಾವಳಿಯ ಆಡುನುಡಿಗಳಲ್ಲಿ ಧ್ವನಿಮುದ್ರಿಸಿ, ತಪಾಸಣೆಯಲ್ಲಿ ಗುರುತಿಸಲಾದವರಿಗೆ ಅವರ ಒಪ್ಪಿಗೆ ಪಡೆದು ವಾರಕ್ಕೊಮ್ಮೆ ತಲುಪಿಸಬೇಕು. ಕೈ ನಡುಗಿ ಬೆವರಿದಾಗ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ರಕ್ತದೊತ್ತಡ ಸರಿಯಿರುವುದು ಮಾತ್ರೆಯಿಂದಲೇ, ಆದ್ದರಿಂದ ಬಿಡಬೇಡಿ: ಇಷ್ಟು ಸರಳವಾದ ಮಾತುಗಳು ಸಾಕು. ಒಪ್ಪಿಗೆಯ ವಿಷಯದಲ್ಲಿ ಮಾತ್ರ ಸಡಿಲಿಕೆ ಕೂಡದು. ಒಂದೇ ಮೊಬೈಲನ್ನು ಇಡೀ ಮನೆ ಬಳಸುವಲ್ಲಿ, ಮದುವೆಯ ಮಾತುಕತೆ ನಡೆದಿರುವ ಹೆಣ್ಣುಮಗಳ ಇನ್ಸುಲಿನ್ ಬಗ್ಗೆ ಬರುವ ಕರೆಯನ್ನು ಯಾರು ಎತ್ತಿಕೊಳ್ಳುತ್ತಾರೋ ಹೇಳಲಾಗದು. ಯಾವ ಸಂಖ್ಯೆಗೆ, ಯಾವ ಹೊತ್ತಿನಲ್ಲಿ ಕರೆ ಮಾಡಬೇಕೆಂದು ಮನೆಗೆ ಬಂದ ಆಶಾ ಕಾರ್ಯಕರ್ತೆ ಆಕೆಯನ್ನೇ ಕೇಳಿ ಬರೆದುಕೊಳ್ಳಲಿ.