ನಮ್ಮ ಡ್ರಮ್ಮಿನ ನೀರು, ನೆರೆಮನೆಯ ಜ್ವರ

ಸೊಳ್ಳೆಯಂತಹ ಕ್ಷುದ್ರ ಜೀವಿಯ ಉಪಮೆ ನೀಡಲು ಅಲ್ಲಾಹನು ಸಂಕೋಚಪಡುವುದಿಲ್ಲವೆಂದು ಪವಿತ್ರ ಕುರ್‌ಆನಿನ ಅಲ್ ಬಕರ ಅಧ್ಯಾಯವು ತಿಳಿಸುತ್ತದೆ. ಆ ಪುಟ್ಟ ಜೀವಿಯ ಮುಂದೆ ಮನುಷ್ಯನು ಎಷ್ಟು ದುರ್ಬಲನೆಂಬುದನ್ನು ಪ್ರತಿ ಮಳೆಗಾಲವೂ ನಮಗೆ ನೆನಪಿಸುತ್ತದೆ. 2024ರಲ್ಲಿ ಡೆಂಗಿ ವ್ಯಾಪಕವಾಗಿ ಹರಡಿದಾಗ ಕರ್ನಾಟಕ ಸರಕಾರವು ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಸೊಳ್ಳೆ ಉತ್ಪತ್ತಿಗೆ ಅವಕಾಶ ಕೊಡುವ ಮನೆಗಳಿಗೆ ನಗರಗಳಲ್ಲಿ 400 ರೂಪಾಯಿ, ಗ್ರಾಮಗಳಲ್ಲಿ 200 ರೂಪಾಯಿ ದಂಡವನ್ನೂ ನಿಗದಿಪಡಿಸಿತು.

ದಂಡದ ಭಯದಿಂದ ಮಾಡಿದ ಶುಚಿತ್ವವು ಅಧಿಕಾರಿ ಬೀದಿ ದಾಟುವವರೆಗೆ ಮಾತ್ರ ಉಳಿಯುತ್ತದೆ. ಸತ್ಯವಿಶ್ವಾಸಿಯ ಶುಚಿತ್ವಕ್ಕೆ ಬೇರೆಯೇ ಆಧಾರವಿರಬೇಕು.

ಡೆಂಗಿ ಹರಡುವ ಈಡಿಸ್ ಸೊಳ್ಳೆಯು ಕೊಳಚೆಗಿಂತ ತಿಳಿನೀರನ್ನೇ ಹೆಚ್ಚಾಗಿ ಆಶ್ರಯಿಸುತ್ತದೆ. ಮುಚ್ಚಳವಿಲ್ಲದ ಡ್ರಮ್, ಹೂಕುಂಡದ ತಟ್ಟೆ, ಹಳೆಯ ಟಯರು, ತೆಂಗಿನ ಚಿಪ್ಪು ಇಷ್ಟಿದ್ದರೆ ಅದಕ್ಕೆ ಸಾಕು. ಅದು ಹುಟ್ಟಿದ ಜಾಗದಿಂದ ಬಹುದೂರ ಹಾರುವುದಿಲ್ಲ. ಅಂದರೆ ನಮ್ಮ ಡ್ರಮ್ಮಿನಲ್ಲಿ ಹುಟ್ಟಿದ ಸೊಳ್ಳೆ ಕಚ್ಚುವುದು ನಮ್ಮ ಮಕ್ಕಳನ್ನು ಅಥವಾ ನೆರೆಮನೆಯ ಮಕ್ಕಳನ್ನು. ಯಾರ ಉಪದ್ರವದಿಂದ ನೆರೆಯವನು ಸುರಕ್ಷಿತನಲ್ಲವೋ ಅವನು ವಿಶ್ವಾಸಿಯಲ್ಲವೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಆ ನೆರೆಯವನ ಧರ್ಮ ಯಾವುದೆಂದು ಸೊಳ್ಳೆ ಕೇಳುವುದಿಲ್ಲ. ನೆರೆಯವನ ಹಕ್ಕೂ ಧರ್ಮವನ್ನು ನೋಡಿ ಬದಲಾಗುವುದಿಲ್ಲ.

ಹೊಗೆ ಹಾಕಲು ಬರಲಿಲ್ಲವೆಂದು ನಗರಸಭೆಯನ್ನು ದೂರುವುದು ಸುಲಭ. ಆಡಳಿತವನ್ನು ಪ್ರಶ್ನಿಸುವುದು ನಮ್ಮ ಹಕ್ಕೂ ಹೌದು. ಆದರೆ ಹೊಗೆಯು ಹಾರಾಡುವ ಸೊಳ್ಳೆಯನ್ನು ಮಾತ್ರ ಕೊಲ್ಲುತ್ತದೆ. ನೀರಿನಲ್ಲಿರುವ ಮರಿಗಳು ಉಳಿದುಕೊಳ್ಳುತ್ತವೆ. ನಮ್ಮ ಅಡುಗೆಮನೆಯ ಪಾತ್ರೆಗೆ ಮುಚ್ಚಳ ಹಾಕಬೇಕಾದವರು ನಾವೇ. ರಾತ್ರಿ ಪಾತ್ರೆಗಳನ್ನು ಮುಚ್ಚಿಡಬೇಕೆಂಬ ಪ್ರವಾದಿ(ಸ)ರ ಆದೇಶವು ನಮಗೆ ಹೊಸತೇನಲ್ಲ.

"ಅಲ್ಲಾಹನ ವಿಧಿಯಿದ್ದಂತೆ ಆಗುತ್ತದೆ" ಎಂದು ಕೈಕಟ್ಟಿ ಕುಳಿತುಕೊಳ್ಳುವವರಿದ್ದಾರೆ. ಶಾಮ್‌ಗೆ ಹೊರಟಿದ್ದ ಖಲೀಫಾ ಉಮರ್(ರ), ಅಲ್ಲಿ ಪ್ಲೇಗ್ ಹರಡಿದೆಯೆಂದು ತಿಳಿದಾಗ ಸಂಗಾತಿಗಳೊಂದಿಗೆ ಸಮಾಲೋಚಿಸಿ ಹಿಂದಿರುಗಿದರು. ವಿಧಿಯಿಂದ ಪಲಾಯನವೇ ಎಂದು ಅಬೂ ಉಬೈದಾ(ರ) ಕೇಳಿದಾಗ, ಅಲ್ಲಾಹನ ಒಂದು ವಿಧಿಯಿಂದ ಇನ್ನೊಂದು ವಿಧಿಯೆಡೆಗೆ ಸಾಗುತ್ತಿದ್ದೇವೆಂಬ ಅರ್ಥದಲ್ಲಿ ಉತ್ತರಿಸಿದರು. ಎಚ್ಚರಿಕೆಯು ತವಕ್ಕುಲ್‌ಗೆ ವಿರುದ್ಧವಲ್ಲ, ಅದರ ಭಾಗವೇ ಆಗಿದೆ.

ಈಡಿಸ್ ಮೊಟ್ಟೆಯು ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನಗಳು ಬೇಕು. ವಾರಕ್ಕೊಮ್ಮೆ ನೀರು ಚೆಲ್ಲಿ ಪಾತ್ರೆ ಉಜ್ಜಿದರೆ ಈ ಸರಪಳಿ ಕಡಿಯುತ್ತದೆ. ಉಜ್ಜುವುದು ಅಗತ್ಯ, ಏಕೆಂದರೆ ಮೊಟ್ಟೆಗಳು ಪಾತ್ರೆಯ ಗೋಡೆಗೆ ಅಂಟಿ ಒಣಗಿದರೂ ತಿಂಗಳುಗಟ್ಟಲೆ ಜೀವಂತವಾಗಿರುತ್ತವೆ. ಶುಕ್ರವಾರದ ಸ್ನಾನವನ್ನು ನಾವು ತಪ್ಪಿಸುವುದಿಲ್ಲ. ಅದೇ ಬೆಳಿಗ್ಗೆ ಮನೆಯ ಗಂಡಸರೂ ಮಕ್ಕಳೂ ಸೇರಿ ಡ್ರಮ್, ಕೂಲರ್, ಹೂಕುಂಡಗಳನ್ನು ಏಕೆ ತೊಳೆಯಬಾರದು? ಮಸ್ಜಿದ್‌ನ ಹೌಝ್, ಮದ್ರಸಾದ ಟ್ಯಾಂಕು, ಖಬರಸ್ಥಾನದಲ್ಲಿ ಬಿದ್ದಿರುವ ಡಬ್ಬಗಳ ಹೊಣೆಯನ್ನು ಜಮಾಅತ್ ವಹಿಸಿಕೊಳ್ಳಲಿ. ಖುತ್ಬಾದ ಮುನ್ನ ಖತೀಬರು ಎರಡು ಮಾತು ಹೇಳಲಿ.

ಜ್ವರ ಬಂದವರು ವೈದ್ಯರನ್ನು ಕಾಣದೆ ಮೆಡಿಕಲ್ ಅಂಗಡಿಯಿಂದ ಆಸ್ಪಿರಿನ್, ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆ ನುಂಗಬಾರದು, ರಕ್ತಸ್ರಾವದ ಅಪಾಯವಿದೆ. ಜ್ವರ ಇಳಿಯುವ ಹೊತ್ತಿನಲ್ಲೇ ಡೆಂಗಿ ಉಲ್ಬಣಿಸಬಹುದು. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ರಕ್ತಸ್ರಾವ ಕಂಡರೆ ತಕ್ಷಣ ಆಸ್ಪತ್ರೆಗೆ ಧಾವಿಸಬೇಕು.

ದಾರಿಯಿಂದ ಹಾನಿಕರ ವಸ್ತುವನ್ನು ಸರಿಸುವುದೂ ಈಮಾನಿನ ಒಂದು ಶಾಖೆ. ಮುಳ್ಳು ತೆಗೆಯುವುದಕ್ಕೆ ಪ್ರತಿಫಲವಿದೆಯೆಂದಾದರೆ, ಒಂದು ಮಗುವಿನ ಜೀವವುಳಿಸುವ ಆ ಚಿಪ್ಪಿನ ನೀರನ್ನು ಚೆಲ್ಲುವುದಕ್ಕೆ ಇಲ್ಲದಿರುತ್ತದೆಯೇ? ಅಲ್ಲಾಹನು ನಮ್ಮೆಲ್ಲರನ್ನೂ ರೋಗಗಳಿಂದ ಕಾಪಾಡಲಿ. ಆಮೀನ್.