ನಮಾಝಿನ ಸಾಲಿನಲ್ಲಿ ನಿಂತವನು ನಾನೇ ಹೌದೇ?

ಹರಿಹರದಿಂದ ದಾವಣಗೆರೆಯ ಕಾಲೇಜಿಗೆ ನಿತ್ಯ ಬಸ್ಸಿನಲ್ಲಿ ಓಡಾಡುವ ಯುವಕನೋರ್ವ, ಅಸರ್ ನಮಾಝ್ ಮುಗಿದು ಜನರು ಹೊರಟ ಮೇಲೆ ನಮ್ಮೆದುರು ಬಂದು ಕುಳಿತನು. "ಹಜರತ್, ಎರಡು ವರ್ಷದಿಂದ ನಾನು ನಾನಾಗಿಲ್ಲ. ಸಜ್ದಾದಲ್ಲಿ ಊರಿದ ಕೈಗಳು ಬೇರೆಯವರವು ಅನಿಸುತ್ತವೆ. ಸೇತುವೆ ದಾಟುವಾಗ ತುಂಗಭದ್ರೆ ಬರೆದಿಟ್ಟ ಚಿತ್ರದಂತೆ ಕಾಣುತ್ತದೆ. ಅಮ್ಮಿಯ ಮುಖವೂ ಗಾಜಿನ ಆಚೆಗಿದೆ. ಇಂಥವನ ನಮಾಝ್ ಅಲ್ಲಾಹನಿಗೆ ಬೇಕೇ? ಬಿಟ್ಟುಬಿಟ್ಟೆ" ಎಂದನು.

ಮನೆಯವರು ನಜರ್ ಆಗಿದೆಯೆಂದು ತಾಯಿತ ಕಟ್ಟಿಸಿದ್ದರು. ಬಂಧುಗಳು ಈಮಾನ್ ದುರ್ಬಲವಾಗಿದೆ ಎಂದಿದ್ದರು. ನಾವೂ ಅಂದು ಝಿಕ್ರ್ ಹೆಚ್ಚಿಸು ಎಂದಷ್ಟೇ ಹೇಳಿ ಕಳುಹಿಸಿದೆವು. ಅದು ನಮ್ಮ ತಪ್ಪು. ಕೆಲವು ತಿಂಗಳ ಬಳಿಕ ಮನೋವೈದ್ಯರೊಬ್ಬರು ಅದಕ್ಕೆ ಹೆಸರು ಹೇಳಿದರು: ಡಿಪರ್ಸನಲೈಸೇಶನ್. ಅಂದರೆ ತನಗೆ ತಾನೇ ಅಪರಿಚಿತನಾಗುವ ಕಾಯಿಲೆ.

ತೀವ್ರ ಆತಂಕ, ಆಘಾತ, ನಿದ್ರಾಹೀನತೆ, ಕೆಲವೊಮ್ಮೆ ಗಾಂಜಾದಂತಹ ಅಮಲು ಇದಕ್ಕೆ ಕಾರಣವಾಗಬಹುದು. ಕ್ಷಣಕಾಲ ಇಂಥ ಅನುಭವ ಅನೇಕರಿಗೆ ಆಗಿಹೋಗುತ್ತದೆ. ಕೆಲವರಲ್ಲಿ ಮಾತ್ರ, ಹೆಚ್ಚಾಗಿ ಹದಿವಯಸ್ಸಿನಲ್ಲಿ ಶುರುವಾಗಿ, ವರ್ಷಗಟ್ಟಲೆ ನೆಲೆಸುತ್ತದೆ. ಇದು ಹುಚ್ಚಲ್ಲ. ಕೈ ತನ್ನದೇ ಎಂಬುದು ರೋಗಿಗೆ ತಿಳಿದಿರುತ್ತದೆ. ತನ್ನದೆಂಬ ಭಾವ ಮಾತ್ರ ಹುಟ್ಟುವುದಿಲ್ಲ. ಆ ತಿಳಿವಳಿಕೆ ಉಳಿದಿರುವುದೇ ಬುದ್ಧಿ ಸ್ವಸ್ಥವಾಗಿದೆ ಎಂಬುದಕ್ಕೆ ಗುರುತು.

ಹಾಗಾದರೆ ಅವನ ನಮಾಝ್? ನಿಯ್ಯತ್ ಎಂದರೆ ಸಂಕಲ್ಪ, ಭಾವಾವೇಶವಲ್ಲ. ಖುಶೂ ನಮಾಝಿನ ಜೀವಾಳ ನಿಜ. ಆದರೆ ಬಹುಪಾಲು ಫಿಕ್ಹ್ ವಿದ್ವಾಂಸರು ಅದನ್ನು ನಮಾಝ್ ಸಿಂಧುವಾಗಲು ಷರತ್ತಾಗಿಸಿಲ್ಲ. ಅಲ್ಲಾಹನು ಯಾರ ಮೇಲೂ ಅವರ ಸಾಮರ್ಥ್ಯಕ್ಕೆ ಮೀರಿದ ಹೊಣೆ ಹೊರಿಸುವುದಿಲ್ಲವೆಂದು ಅಲ್ ಬಕರಃ ಅಧ್ಯಾಯದ 286ನೇ ಸೂಕ್ತ ಸಾರುತ್ತದೆ. ಏನೂ ಅನಿಸದಿದ್ದರೂ ಅಲ್ಲಾಹನ ಆಜ್ಞೆಯೆಂದು ಸಾಲಿನಲ್ಲಿ ನಿಲ್ಲುವವನು ಕಪಟಿಯಲ್ಲ. ನಮ್ಮ ದೃಷ್ಟಿಯಲ್ಲಿ ಅವನ ನಿಷ್ಠೆ ನಮ್ಮ ಅನೇಕರದಕ್ಕಿಂತ ದೊಡ್ಡದು.

ಮನಸ್ಸಿನ ಕಾಯಿಲೆ ವಿದ್ವಾಂಸರನ್ನೂ ಬಿಟ್ಟಿಲ್ಲ. 1095ರಲ್ಲಿ ಬಗ್ದಾದಿನ ನಿಝಾಮಿಯಾ ಮದ್ರಸದಲ್ಲಿ ಬೋಧಿಸುತ್ತಿದ್ದ ಇಮಾಮ್ ಗಝಾಲಿಯವರ ನಾಲಗೆ ಕಟ್ಟಿಹೋಯಿತು, ಊಟ ಸೇರದಾಯಿತು. ಅದು ಹೃದಯದೊಳಗಿನ ವ್ಯಥೆಯೆಂದು ವೈದ್ಯರು ಹೇಳಿದ್ದನ್ನು ಅವರೇ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಅವರಿಗಾದದ್ದು ಇದೇ ಕಾಯಿಲೆ ಎನ್ನುತ್ತಿಲ್ಲ. ಅವರು ನಾಚಿಕೊಳ್ಳಲಿಲ್ಲ ಎನ್ನುತ್ತಿದ್ದೇವೆ. ಅದಕ್ಕೂ ಮೊದಲೇ, 934ರಲ್ಲಿ ನಿಧನರಾದ ಅಬೂ ಝೈದ್ ಅಲ್ ಬಲ್ಖೀ ದೇಹ ಮತ್ತು ಮನಸ್ಸಿನ ಆರೋಗ್ಯವನ್ನು ಒಂದೇ ಗ್ರಂಥದಲ್ಲಿ ಜೊತೆಯಾಗಿ ಚರ್ಚಿಸಿದ್ದರು. ಪ್ರತಿ ರೋಗಕ್ಕೂ ಅಲ್ಲಾಹನು ಶಮನವನ್ನು ಇಳಿಸಿದ್ದಾನೆಂಬ ಪ್ರವಾದಿವಚನದ ಮೇಲೆ ನಂಬಿಕೆಯಿಟ್ಟವರು ವೈದ್ಯರ ಬಾಗಿಲು ತಟ್ಟಲು ಹಿಂಜರಿಯಬಾರದು.

ಈ ಕಾಯಿಲೆಗೆಂದೇ ಮೀಸಲಾದ ಮಾತ್ರೆಯಿಲ್ಲ. ಜೊತೆಗಿರುವ ಆತಂಕ, ಖಿನ್ನತೆಗೆ ಔಷಧವುಂಟು. ಮಾತಿನ ಚಿಕಿತ್ಸೆಯೂ ನೆರವಾಗುತ್ತದೆ. "ಈಗ ಸರಿಹೋದೆನೇ?" ಎಂದು ಗಳಿಗೆಗೊಮ್ಮೆ ತನ್ನನ್ನೇ ಪರೀಕ್ಷಿಸಿಕೊಳ್ಳುವುದು ಕಾಯಿಲೆಗೆ ನೀರೆರೆದಂತೆ. ಗಮನ ಹೊರಕ್ಕೆ ಹರಿಯಬೇಕು: ವುಝೂವಿನ ತಣ್ಣೀರು, ಹಣೆಗೆ ತಾಗುವ ಚಾಪೆಯ ಒರಟು, ಪಕ್ಕದವನ ಹೆಗಲು. ಹೊತ್ತಿಗೆ ಸರಿಯಾದ ನಿದ್ರೆ ಬೇಕು. ರಾತ್ರಿ ಮೊಬೈಲ್ ಬೇಡ, ಅಮಲು ಎಂದೂ ಬೇಡ. ಮೂರ್ಛೆ ಅಥವಾ ತೀವ್ರ ತಲೆನೋವು ಇದ್ದರೆ ವೈದ್ಯರಿಂದ ಬೇರೆ ಪರೀಕ್ಷೆಯೂ ಆಗಬೇಕು.

ಮಾನಸಿಕ ಚಿಕಿತ್ಸೆ 2017ರ ಕಾನೂನಿನಂತೆ ನಮ್ಮ ಹಕ್ಕು. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾಸ್ಪತ್ರೆಯಿದೆ. 14416 ಸಂಖ್ಯೆಯ ಟೆಲಿ ಮಾನಸ್‌ಗೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು. ಸಾಯುವ ಯೋಚನೆ ಬಂದರೆ ಒಂದು ಗಳಿಗೆಯೂ ತಡಮಾಡಬಾರದು.

ತಾಯ್ತಂದೆಯರೇ, ಮಗ ಅಥವಾ ಮಗಳು "ನಾನು ನಾನಾಗಿಲ್ಲ" ಎಂದರೆ ಗದರಿಸಬೇಡಿ. ಇಮಾಮರೇ, ದುಆ ಮಾಡಿರಿ, ಜೊತೆಗೆ ಆಸ್ಪತ್ರೆಯ ದಾರಿಯನ್ನೂ ತೋರಿಸಿರಿ. ಆ ಯುವಕ ಪೂರ್ಣ ಗುಣವಾಗಿಲ್ಲ. ಆದರೆ ಈಗ ಮಸೀದಿಗೆ ಬರುತ್ತಾನೆ. "ಇಂದೂ ಏನೂ ಅನಿಸಲಿಲ್ಲ ಹಜರತ್, ಆದರೂ ಬಂದೆ" ಎನ್ನುತ್ತಾನೆ. ಆ "ಆದರೂ" ಎಂಬುದನ್ನು ಅಲ್ಲಾಹನು ಸ್ವೀಕರಿಸಲಿ, ಆಮೀನ್.