ಗಾಳಿಗೆ ನೀರೂಡುವ ಯಂತ್ರ

ಮಾಘ ಮಾಸ ಮುಗಿಯುತ್ತ ಬಂದು ಶಿವರಾತ್ರಿ ಸಮೀಪಿಸುವ ಹೊತ್ತಿಗೆ ವಿಜಯಪುರದ ಪಡುವಣಕ್ಕಿರುವ ತೊರವಿಯಲ್ಲಿ ಗಾಳಿಯ ಸ್ವಭಾವವೇ ಬೇರೆಯಾಗುತ್ತದೆ. ಹಗ್ಗದ ಮೇಲೆ ಹರವಿದ ಧೋತರ ತಾಸು ಕಳೆಯುವುದರೊಳಗೆ ಗರಿಗರಿಯಾಗಿ ನಿಲ್ಲುತ್ತದೆ. ಬಾಗಿಲಿನ ಹಲಗೆಗಳು ಕುಗ್ಗಿ ನಡುವೆ ಸಂದು ಬಿಡುತ್ತವೆ. ತುಟಿ ಬಿರಿಯುತ್ತದೆ, ಹಿಮ್ಮಡಿ ಒಡೆಯುತ್ತದೆ. ಇನ್ನೂ ಪಶ್ಚಿಮಕ್ಕೆ ಹೋದರೆ ಸಿಗುವ ತಿಕೋಟಾದ ರೈತನಿಗೆ ಇದೇ ಗಾಳಿ ಭಾಗ್ಯಲಕ್ಷ್ಮಿ. ಅಲ್ಲಿಯ ಒಣದ್ರಾಕ್ಷಿ ಶೆಡ್ಡುಗಳಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ದ್ರಾಕ್ಷಿಯನ್ನು ಹರಡಿ ನೆರಳಿನಲ್ಲಿಯೇ ಒಣಗಿಸುತ್ತಾರೆ. ಸುಮಾರು ಎರಡು ವಾರಗಳಲ್ಲಿ ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಒಣದ್ರಾಕ್ಷಿಯಾಗಿ ಉಳಿಯುತ್ತದೆ. ಮಿಕ್ಕ ಮೂರು ಕಿಲೋ ನೀರನ್ನು ಕುಡಿದದ್ದು ಈ ಗಾಳಿಯೇ. ಅಂಥ ಬಾಯಾರಿದ ಗಾಳಿ ಮನೆಯೊಳಗೆ ನುಗ್ಗಿದಾಗ ಮಲಗಿದ ಕೂಸಿನ ಮೂಗಿನ ತೆಳುವಾದ ಒಳಪೊರೆಯನ್ನು ಬಿಟ್ಟೀತೆ?

ತೊರವಿಯ ಹೊಸ ಬಡಾವಣೆಯೊಂದರ ಮನೆಯಲ್ಲಿ ಒಂದು ಮುಂಜಾನೆ ಆದದ್ದು ಅದೇ. ಆರು ವರ್ಷದ ಮಗಳ ದಿಂಬಿನ ಮೇಲೆ ರಕ್ತದ ಕಲೆ ಕಂಡು ತಾಯಿಯ ಎದೆ ಧಸಕ್ಕೆಂದಿತು. ತಂದೆ ಗಾಬರಿಯಿಂದ ಮಗುವಿನ ತಲೆಯನ್ನು ಹಿಂದಕ್ಕೆ ವಾಲಿಸಿ ಹಿಡಿದ. ಹಾಗೆ ಮಾಡಬಾರದು, ರಕ್ತ ಗಂಟಲಿಗಿಳಿಯುತ್ತದೆ. ಮಗುವನ್ನು ಕೂರಿಸಿ, ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು ಎರಡು ಬೆರಳಿನಿಂದ ಹತ್ತು ನಿಮಿಷ ಬಿಡದೆ ಅದುಮಿ ಹಿಡಿಯಬೇಕು. ನಿಲ್ಲದಿದ್ದರೆ, ಅಥವಾ ಮೇಲಿಂದ ಮೇಲೆ ಬರುತ್ತಿದ್ದರೆ, ವೈದ್ಯರಿಗೆ ತೋರಿಸಬೇಕು. ಇವರೂ ತೋರಿಸಿದರು. ಒಣ ಹವೆ, ಅದರ ಮೇಲೆ ಮಗುವಿನ ಬೆರಳಿನ ಚೇಷ್ಟೆ, ಬೇರೇನೂ ಇಲ್ಲವೆಂದು ವೈದ್ಯರು ಧೈರ್ಯ ಹೇಳಿ ಕಳಿಸಿದರು. ಆ ಸಂಜೆಯೇ ಮನೆಗೊಂದು ಹ್ಯೂಮಿಡಿಫೈಯರ್ ಬಂದಿತು. ಗಾಳಿಗೆ ನೀರೂಡುವ ಯಂತ್ರವೆಂದು ಕನ್ನಡದಲ್ಲಿ ಕರೆದರೆ ಅದರ ಕೆಲಸ ಹೆಚ್ಚು ಸ್ಪಷ್ಟವಾದೀತು.

ಬಿಳಿಯ ಕೊಡದಂಥ ಆಕಾರ, ತಲೆಯಿಂದ ಮೆಲ್ಲಗೆ ಏಳುವ ತಣ್ಣನೆಯ ಮಂಜು. ಮಗು ಅದರಲ್ಲಿ ಕೈಯಾಡಿಸಿ ನಕ್ಕಿತು. ಅಜ್ಜಿಗೆ ಮಾತ್ರ ಅನುಮಾನ.

“ಇದೇನವಾ, ಮನ್ಯಾಗ ಇಬ್ಬನಿ ತಂದಿಟ್ಟೀಯಲ್ಲ!”

“ಕೂಸಿನ ಮೂಗು ಒಣಗಬಾರದಂತ ತಂದೇವ್ರಿ ಅತ್ತಿ.”

ಒಂದು ವಾರ ಎಲ್ಲವೂ ಸುಗಮವಾಗಿ ಸಾಗಿತು. ಆಮೇಲೆ ಮನೆಯ ಕಪ್ಪು ಕಪಾಟಿನ ಮೇಲೆ, ಜಗುಲಿಯ ನರಸಿಂಹನ ಪಟದ ಗಾಜಿನ ಮೇಲೆ, ಸುಣ್ಣದ ಹುಡಿಯಂಥ ಬಿಳಿ ಧೂಳು ಕಾಣಿಸಿತು. ಒರೆಸಿದಷ್ಟೂ ಬಂತು. ದಮ್ಮಿನ ಪ್ರಕೃತಿಯ ಅಜ್ಜಿಗೆ ರಾತ್ರಿ ಕೆಮ್ಮು ಹೆಚ್ಚಿತು. ನೀರಿನ ತೊಟ್ಟಿಯೊಳಗೆ ಬೆರಳಿಟ್ಟರೆ ಲೋಳೆ ತಗುಲಿತು. ಮುಗ್ಗಲು ವಾಸನೆ ಬೇರೆ.

ಆ ಬಿಳಿ ಧೂಳು ಎಲ್ಲಿಂದಲೋ ಬಂದುದಲ್ಲ, ಬೋರಿನ ನೀರಿನಿಂದಲೇ ಬಂದುದು. ಇಂದು ಅಗ್ಗವಾಗಿ ದೊರೆಯುವ ಯಂತ್ರಗಳಲ್ಲಿ ಹೆಚ್ಚಿನವು ಶ್ರವಣಾತೀತ ಕಂಪನದವು. ತಳದಲ್ಲಿರುವ ಪುಟ್ಟ ಬಿಲ್ಲೆಯೊಂದು ಸೆಕೆಂಡಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಲ ಅದುರಿ ನೀರನ್ನು ಮಂಜಾಗಿ ಚಿಮ್ಮುತ್ತದೆ. ಇದು ಆವಿಯಲ್ಲ, ನೀರಿನ ಸೂಕ್ಷ್ಮ ಹನಿ ಎಂಬುದನ್ನು ಗಮನಿಸಬೇಕು. ಆವಿಯಾಗುವ ನೀರು ತನ್ನಲ್ಲಿನ ಲವಣವನ್ನು ಹಿಂದೆ ಬಿಟ್ಟು ಹೋಗುತ್ತದೆ. ಹನಿಯಾಗಿ ಹಾರುವ ನೀರು ಲವಣವನ್ನೂ ಹೊತ್ತೊಯ್ಯುತ್ತದೆ, ತೊಟ್ಟಿಯಲ್ಲಿ ಬೆಳೆದ ಕ್ರಿಮಿಯನ್ನೂ ಹೊತ್ತೊಯ್ಯುತ್ತದೆ. ಗಡಸು ನೀರಿನ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಒಂದು ಚಮಚ ನೀರನ್ನು ಸ್ಟೀಲಿನ ತಟ್ಟೆಯ ಮೇಲೆ ಆರಲು ಬಿಟ್ಟು ನೋಡಿದರೆ ಸಾಕು. ಉಳಿಯುವ ಬಿಳಿಯ ಕಲೆಯೇ ಮನೆಯವರ ಪುಪ್ಪುಸಕ್ಕೆ ಸೇರುವ ಪಾಲು. ಕುದಿಸಿ ಆರಿಸಿದ ನೀರು ಹಾಕಿದರಾಗದೆ ಎಂದು ಕೇಳುವವರುಂಟು. ಕುದಿಸಿದರೆ ಕ್ರಿಮಿಗಳು ಸಾಯುವುವು, ಲವಣಗಳೆಲ್ಲ ಹೋಗುವುದಿಲ್ಲ. ಬಟ್ಟಿ ಇಳಿಸಿದ ನೀರು ಉತ್ತಮ. ಅದಿಲ್ಲದಿದ್ದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನಿನಲ್ಲಿ ತರುವ ಆರ್.ಓ. ನೀರು ನಡೆದೀತು.

ಮುಗ್ಗಲು ವಾಸನೆಗೆ ನೆರೆಮನೆಯ ಗೃಹಿಣಿಯೊಬ್ಬರು ಸುಲಭೋಪಾಯ ಹೇಳಿದರು: “ನಂಜಿನ ಔಷಧ ಒಂದ ಮುಚ್ಚಳ ಹಾಕ್ರಿ ಅಕ್ಕಾರ, ಹುಳಾ ಎಲ್ಲಾ ಸಾಯ್ತಾವ.” ಗಾಯ ತೊಳೆಯುವ, ನೆಲ ಒರೆಸುವ ನೀರಿಗೆ ಹಾಕುವ ದ್ರವ ಪ್ರತಿ ಮನೆಯಲ್ಲೂ ಇದ್ದೇ ಇರುತ್ತದೆ. ಸೊಸೆ ಸೀಸೆಯ ಮುಚ್ಚಳ ತಿರುವುತ್ತಿದ್ದಂತೆ ಅಜ್ಜಿ ತಡೆದರು.

“ಅಲ್ಲವಾ, ಅದನ್ನ ಕೂಸಿಗೆ ಕುಡ್ಯಾಕ ಕೊಡ್ತೀಯೇನು?”

“ಕುಡ್ಯಾಕ ಅಲ್ಲರಿ ಅತ್ತಿ, ಮಷೀನಿಗೆ.”

“ಮಷೀನು ಉಗುಳಿದ್ದನ್ನ ಕೂಸು ಒಳಗ ಎಳಕೋತದಲ್ಲ. ಬಾಯಾಗ ಹೋದ್ರೇನು, ಮೂಗಿನ್ಯಾಗ ಹೋದ್ರೇನು?”

ಅಕ್ಷರ ಕಲಿಯದ ಮುದುಕಿಯೊಬ್ಬಳು ಕೇಳಿದ ಈ ಪ್ರಶ್ನೆಯನ್ನು ದಕ್ಷಿಣ ಕೊರಿಯದಲ್ಲಿ ಬಲ್ಲವರು ಸಕಾಲದಲ್ಲಿ ಕೇಳಿದ್ದರೆ ಎಷ್ಟೋ ಮನೆಗಳ ದೀಪ ಉಳಿಯುತ್ತಿತ್ತು. ಆ ದೇಶದ ಚಳಿಗಾಲ ಒಣ ಚಳಿಗಾಲ. ನೆಲವನ್ನು ಬಿಸಿಮಾಡಿಕೊಂಡು ಬಾಗಿಲಿಕ್ಕಿ ಮಲಗುವ ಮನೆಗಳಲ್ಲಿ ಇಂಥ ಯಂತ್ರ ಸಾಮಾನ್ಯ. ತೊಟ್ಟಿಯ ನೀರು ಕೆಡದಿರಲೆಂದು ಅದರಲ್ಲಿ ಬೆರೆಸುವ ಕ್ರಿಮಿನಾಶಕ ದ್ರವಗಳು 1994ರಿಂದ ಅಂಗಡಿಗಳಲ್ಲಿ ಮಾರಾಟಕ್ಕೆ ಬಂದುವು. ಕೂಸುಗಳಿರುವ ಮನೆಯವರೂ ಬಸುರಿಯರೂ ಶುಚಿತ್ವದ ಕಾಳಜಿಯಿಂದಲೇ ಅವನ್ನು ಕೊಂಡರು. 2011ರ ವಸಂತದಲ್ಲಿ ಸಿಯೋಲ್ ನಗರದ ಆಸ್ಪತ್ರೆಯೊಂದಕ್ಕೆ ಬಸುರಿಯರೂ ಬಾಣಂತಿಯರೂ ಕಾರಣ ತಿಳಿಯದ ಪುಪ್ಪುಸದ ಬೇನೆಯಿಂದ ಒಬ್ಬರ ಹಿಂದೊಬ್ಬರು ಬಂದರು. ಅದೇ ವರ್ಷದ ಆಗಸ್ಟಿನಲ್ಲಿ ಸರ್ಕಾರದ ತನಿಖೆ ಬೆರಳು ತೋರಿಸಿದ್ದು ಯಂತ್ರಕ್ಕೆ ಬೆರೆಸುತ್ತಿದ್ದ ದ್ರವದ ಕಡೆಗೆ. ನವೆಂಬರಿನಲ್ಲಿ ಅವನ್ನು ಅಂಗಡಿಗಳಿಂದ ಹಿಂತೆಗೆಸಿದರು. ಆ ದ್ರವಗಳಲ್ಲಿದ್ದ ಪಿ.ಎಚ್.ಎಂ.ಜಿ. ಮೊದಲಾದ ರಾಸಾಯನಿಕಗಳು ಮೈಗೆ ತಗುಲಿದರೆ ಅಷ್ಟಾಗಿ ಬಾಧಿಸದವು. ಮಂಜಾಗಿ ಉಸಿರಿನೊಡನೆ ಒಳಹೊಕ್ಕಾಗ ಅವೇ ವಿಷವಾದುವು. ಮುಂದಿನ ವರ್ಷಗಳಲ್ಲಿ ಅಲ್ಲಿಯ ಸರ್ಕಾರಕ್ಕೆ ವರದಿಯಾದ ಸಾವುಗಳು ಸಾವಿರವನ್ನು ಮೀರಿದುವು. ತಮ್ಮ ಕೈಯಾರೆ ತೊಟ್ಟಿಗೆ ಸುರಿದ ತಾಯಂದಿರ ಸಂಕಟವನ್ನು ಯಾವ ಲೆಕ್ಕದಲ್ಲಿ ಬರೆಯುವುದು?

ತೊರವಿಯ ಸೊಸೆ ಸೀಸೆಯನ್ನು ಮರಳಿ ಕಪಾಟಿಗೆ ಇಟ್ಟಳು. ಅತ್ತರು, ನೀಲಗಿರಿ ಎಣ್ಣೆ, ಕರ್ಪೂರ ಎಂದು ಯಂತ್ರದ ನೀರಿಗೆ ಸುರಿಯುವವರೂ ಈ ಮಾತನ್ನು ಮನಸ್ಸಿಗೆ ತಂದುಕೊಳ್ಳುವುದು ಲೇಸು. ತೊಟ್ಟಿಗೆ ಸಲ್ಲುವುದು ನೀರು ಮಾತ್ರ. ವಾಸನೆಗೆ ಮದ್ದು ಮೈಮುರಿದು ತೊಳೆಯುವುದೊಂದೇ: ಪ್ರತಿದಿನ ಉಳಿದ ನೀರನ್ನು ಚೆಲ್ಲಿ, ಒಳಗೆ ಒಣಬಟ್ಟೆಯಾಡಿಸಿ, ಹೊಸ ನೀರು ತುಂಬುವುದು, ಮೂರು ದಿನಕ್ಕೊಮ್ಮೆ ಉಜ್ಜಿ ತೊಳೆಯುವುದು. ಕಟ್ಟಿದ ಸುಣ್ಣದ ಹಕ್ಕಳೆಯನ್ನು ನಿಂಬೆಹುಳಿ ಬಿಡಿಸುತ್ತದೆ. ಇಂಡಿಯ ನಿಂಬೆ ಇರುವ ಜಿಲ್ಲೆಯಲ್ಲಿ ಅದಕ್ಕೇನು ಬರ! ಹುಳಿ ಹಚ್ಚಿದ ಮೇಲೆ ನಾಲ್ಕಾರು ನೀರಿನಲ್ಲಿ ಜಾಲಿಸಬೇಕು. ಕೊಳ್ಳುವಾಗ ತೊಟ್ಟಿಯ ಬಾಯಿ ಕೈ ಹಿಡಿಸುವಷ್ಟು ಅಗಲವಿದೆಯೇ ಎಂದು ನೋಡಬೇಕೆನ್ನುವುದು ಇದಕ್ಕಾಗಿಯೇ. ಅಂಗಡಿಯಲ್ಲಿ ಜನ ನೋಡುವುದು ಬಣ್ಣದ ದೀಪವನ್ನು!

ಆದರೆ ಎಲ್ಲಕ್ಕೂ ಮೊದಲು ಕೊಳ್ಳಬೇಕಾದುದು ಯಂತ್ರವಲ್ಲ, ತೇವಮಾಪಕ. ಹೈಗ್ರೋಮೀಟರೆಂಬ ಅಂಗೈಯಗಲದ ಆ ಉಪಕರಣದ ಬೆಲೆ ಯಂತ್ರದ ಬೆಲೆಯಲ್ಲಿ ಒಂದು ಸಣ್ಣ ಪಾಲು. ಮನೆಯೊಳಗಿನ ತೇವ ಶೇಕಡಾ 30ರಿಂದ 50ರವರೆಗಿದ್ದರೆ ಹಿತ. 60ನ್ನು ದಾಟಿದರೆ ಗೋಡೆಗೆ ಬೂಷ್ಟು, ಹಾಸಿಗೆಯಲ್ಲಿ ಧೂಳಿನ ಕೀಟ. ಅವು ದಮ್ಮಿನವರ ಶತ್ರುಗಳು. ಉಪಕರಣ ಸರಿ ಹೇಳುತ್ತಿದೆಯೋ ಇಲ್ಲವೋ ಎಂಬುದಕ್ಕೆ ಅಡುಗೆಮನೆಯಲ್ಲಿಯೇ ಪರೀಕ್ಷೆಯುಂಟು. ಸೀಸೆಯ ಮುಚ್ಚಳವೊಂದರಲ್ಲಿ ಉಪ್ಪು ತುಂಬಿ, ನೀರು ಚಿಮುಕಿಸಿ ಒದ್ದೆ ಮರಳಿನಂತೆ ಮಾಡಿ, ತೇವಮಾಪಕದೊಡನೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಬೇಕು. ಬೆಳಿಗ್ಗೆ ಅದು 75 ತೋರಿಸಬೇಕು. 70 ತೋರಿಸಿದರೆ 5 ಕೂಡಿಸಿಕೊಂಡು ಓದಿದರಾಯಿತು.

ಈ ಮನೆಯಲ್ಲಿ ಹಾಗೆ ಅಳೆದು ನೋಡಿದಾಗ ಇನ್ನೊಂದು ಸೋಜಿಗ ಹೊರಬಿತ್ತು. ಬಾಗಿಲು ಕಿಟಕಿ ಮುಚ್ಚಿದ ಅಜ್ಜಿಯ ಕೋಣೆಯಲ್ಲಿ ರಾತ್ರಿ ಮುಳ್ಳು 65ಕ್ಕೆ ಏರುತ್ತಿತ್ತು. ಯಂತ್ರವನ್ನು ಪಡಸಾಲೆಯಲ್ಲಿಟ್ಟಾಗ 22ರಿಂದ ಮೇಲೇಳಲೇ ಇಲ್ಲ. ಲೆಕ್ಕ ಸರಳವಾದುದು. 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ ಸುಮಾರು 41 ಘನ ಮೀಟರ್ ಗಾಳಿ ಹಿಡಿಯುತ್ತದೆ. 30 ಡಿಗ್ರಿ ಸೆಖೆಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 30 ಗ್ರಾಂ ನೀರಾವಿಯನ್ನು ಹೊರಬಲ್ಲದು. ಶೇಕಡಾ 20ರಿಂದ 40ಕ್ಕೆ ಏರಿಸಲು ಕಾಲು ಲೀಟರು ನೀರು ಸಾಕು. ಆದರೆ ಸಂದುಗೊಂದುಗಳಿಂದ ಗಾಳಿ ತಾಸಿಗೊಮ್ಮೆ ಬದಲಾದರೆ ತಾಸುತಾಸಿಗೂ ಕಾಲು ಲೀಟರು ಬೇಕು. ಲೋಟದಷ್ಟು ಗಾತ್ರದ, ಮೇಜಿನ ಮೇಲಿಡುವ ಗೊಂಬೆ ಯಂತ್ರಗಳು ತಾಸಿಗೆ 30-40 ಮಿಲಿಲೀಟರು ಉಗುಳಿ ಸುಮ್ಮನಾಗುತ್ತವೆ. ಬಾಗಿಲು ತೆರೆದ ಪಡಸಾಲೆಯಲ್ಲಂತೂ ಎಷ್ಟು ದೊಡ್ಡ ಯಂತ್ರವಾದರೂ ಅದು ತೇವ ಮಾಡುವುದು ತೊರವಿಯ ಬೀದಿಯನ್ನು.

ಬೀದಿಯ ಗಾಳಿಯನ್ನೂ ತಣಿಸುತ್ತೇವೆಂದು ಹೊರಟ ದೊರೆಗಳು ಈ ಸೀಮೆಯಲ್ಲಿದ್ದರೆನ್ನಿ. ಎರಡನೆಯ ಇಬ್ರಾಹಿಂ ಆದಿಲ್‌ಶಹ 1599ರಲ್ಲಿ ತೊರವಿಯ ಬಳಿ ನವರಸಪುರವನ್ನು ಕಟ್ಟಿಸತೊಡಗಿದ. ಅವನ ಸಂಗೀತ ಮಹಲಿನ ಕಮಾನುಗಳು ಇಂದಿಗೂ ಪಾಳುಬಿದ್ದು ನಿಂತಿವೆ. ತೊರವಿಯ ಕಡೆಯಿಂದ ನೆಲದಡಿಯ ಸುರಂಗದಲ್ಲಿ ವಿಜಯಪುರಕ್ಕೆ ನೀರು ಹರಿಯುತ್ತಿತ್ತು. ಅಸರ್ ಮಹಲಿನ ಮುಂದೆ ಕೊಳ ತುಂಬಿರುತ್ತಿತ್ತು. ಸಿಂದಗಿಯ ದಾರಿಯ ಕುಮಟಗಿಯಲ್ಲಿ ಎತ್ತರಕ್ಕೇರಿಸಿದ ನೀರನ್ನು ಕೊಳವೆಗಳಲ್ಲಿ ತಂದು ವಿಹಾರಮಂಟಪದ ಚಾವಣಿಯಿಂದ ತುಂತುರಾಗಿ ಸುರಿಸುವ ಏರ್ಪಾಡಿತ್ತು. ಅರಸರ ತುಂತುರಿಗೂ ಕೂಸಿನ ಕೋಣೆಯ ಮಂಜಿಗೂ ಇರುವ ಅಂತರ ಹೆಚ್ಚಿನದಲ್ಲ. ಅವರದು ಹರಿಯುವ ನೀರು, ಇದು ನಿಂತ ನೀರು; ಅಂತರ ಅಲ್ಲಿದೆ.

ಹಾಗಾದರೆ ಯಾವ ಬಗೆಯ ಯಂತ್ರ ಒಳ್ಳೆಯದು? ನೀರು ಕಾಯಿಸಿ ಹಬೆ ಬಿಡುವ ಯಂತ್ರದಲ್ಲಿ ಕ್ರಿಮಿಯ ಭಯವಿಲ್ಲ, ಸುಡುವ ಭಯವುಂಟು. ಓಡಾಡುವ ಮಕ್ಕಳು ತಂತಿಗೆ ಕಾಲು ತೊಡರಿಸಿ ಕುದಿನೀರನ್ನು ಮೈಮೇಲೆ ಕೆಡವಿಕೊಂಡಾರು. ಚಿಕ್ಕ ಮಕ್ಕಳ ಕೋಣೆಗೆ ಅದು ತಕ್ಕುದಲ್ಲ. ಗಡಸು ನೀರಿನ ಊರುಗಳಿಗೆ ಹೊಂದುವುದು ಒದ್ದೆಬತ್ತಿಯ ಯಂತ್ರ. ದಪ್ಪನೆಯ ಬತ್ತಿ ನೀರು ಹೀರುತ್ತದೆ, ಪುಟ್ಟ ಪಂಖ ಅದರ ಮೂಲಕ ಗಾಳಿ ಬೀಸುತ್ತದೆ. ಲವಣ ಬತ್ತಿಯಲ್ಲಿಯೇ ಉಳಿಯುತ್ತದೆ. ಗಾಳಿಯಲ್ಲಿ ತೇವ ಏರಿದಂತೆ ಆವಿಯಾಗುವುದೂ ತಾನಾಗಿ ತಗ್ಗುತ್ತದೆ. ಬತ್ತಿಯನ್ನು ಆಗಾಗ ಬದಲಿಸುವ ಖರ್ಚು ಇದ್ದೇ ಇದೆ. ಇಷ್ಟೂ ಬೇಡವೆನ್ನುವವರಿಗೆ ಅಜ್ಜಿಯ ಕಾಲದ ಉಪಾಯವೂ ಕೆಟ್ಟುದಲ್ಲ. ಒಗೆದು ಹಿಂಡಿದ ಹಾಸುವಸ್ತ್ರವನ್ನು ರಾತ್ರಿ ಕೋಣೆಯಲ್ಲಿ ಹರವಿದರೆ ಅದರಲ್ಲಿನ ಸುಮಾರು ಅರ್ಧ ಲೀಟರು ನೀರು ಬೆಳಗಾಗುವುದರೊಳಗೆ ಗಾಳಿಗೆ ಸೇರುತ್ತದೆ, ವಿದ್ಯುತ್ತಿನ ಬಿಲ್ಲಿಲ್ಲದೆ.

ಯುಗಾದಿ ಕಳೆದು ಬಿಸಿಲು 40 ಡಿಗ್ರಿಗೆ ಏರಿದ ಮೇಲೆ ಈ ಯಂತ್ರದ ಮಾತೇ ಬೇಡ. ಆಗ ಮನೆಗಳಲ್ಲಿ ಕೂಲರು ಓಡತೊಡಗುತ್ತದೆ. ಅದು ಒದ್ದೆಬತ್ತಿಯ ಯಂತ್ರದ ದೊಡ್ಡಣ್ಣ. ಒಂದು ಲೀಟರು ನೀರು ಆವಿಯಾಗಲು ಒಂದು ಸಾವಿರ ವ್ಯಾಟಿನ ಹೀಟರು 40 ನಿಮಿಷದಲ್ಲಿ ಕೊಡುವಷ್ಟು ಶಾಖ ಬೇಕು. ಆ ಶಾಖವನ್ನು ನೀರು ಗಾಳಿಯಿಂದಲೇ ಕಿತ್ತುಕೊಳ್ಳುತ್ತದೆ. 40 ಡಿಗ್ರಿಯ ಗಾಳಿಯಲ್ಲಿ ತೇವ ಶೇಕಡಾ 20 ಇದ್ದರೆ ಅದನ್ನು ಈ ಬಗೆಯಲ್ಲಿ 22 ಡಿಗ್ರಿಯ ಸಮೀಪದವರೆಗೆ ತಣಿಸಲು ಸಾಧ್ಯ. ಮನೆಯ ಕೂಲರು ಅಷ್ಟು ಸಾಧಿಸದಿದ್ದರೂ 27ರ ಸುತ್ತ ತಂದೀತು. ಎದುರಿನ ಕಿಟಕಿ ತೆರೆದಿರಬೇಕು; ಮುಚ್ಚಿದರೆ ತೇವ ತುಂಬಿ ಬೆವರು ಆರದೆ ಉಬ್ಬಸವಾಗುತ್ತದೆ. ವಾರಕ್ಕೊಮ್ಮೆಯಾದರೂ ಅದರ ತೊಟ್ಟಿಯನ್ನು ಬರಿದುಮಾಡಿ ಅಂಚನ್ನೆಲ್ಲ ಉಜ್ಜಿ ಒಣಗಿಸಬೇಕು. ಡೆಂಗ್ಯೂ ಸೊಳ್ಳೆ ಮೊಟ್ಟೆಯಿಡುವುದು ಆ ಅಂಚಿನಲ್ಲಿಯೇ.

ಈ ಮನೆಯಲ್ಲಿ ಕಡೆಗೆ ಆದ ವ್ಯವಸ್ಥೆ ಇಷ್ಟು. ಮಂಜಿನ ಯಂತ್ರವನ್ನು ಅವರು ಬಿಸುಡಲಿಲ್ಲ. ಹಣ ಕೊಟ್ಟು ತಂದುದಲ್ಲವೆ! ಕ್ಯಾನಿನ ನೀರು ತುಂಬಿ, ಮಗುವಿನ ಹಾಸಿಗೆಯಿಂದ ನಾಲ್ಕು ಅಡಿ ದೂರದಲ್ಲಿ, ಮುಳ್ಳು 40 ಮುಟ್ಟುವವರೆಗೆ ಮಾತ್ರ ಹಚ್ಚುವುದು. ಅಜ್ಜಿಯ ಕೋಣೆಗೆ ಅದಕ್ಕೆ ಪ್ರವೇಶವಿಲ್ಲ. ದಿನವೂ ತೊಳೆಯುವ ಸರದಿ ತಂದೆಯದು. ಮಲಗುವ ಮುನ್ನ ಮಗುವಿನ ಉಗುರು ಕತ್ತರಿಸಿದೆಯೋ ಎಂದು ನೋಡುವುದು ತಾಯಿಯ ಕೆಲಸ. ದಿಂಬಿನ ಮೇಲೆ ಕಲೆ ಕಾಣದೆ ಹೋದುದಕ್ಕೆ ಇದೇ ಹೆಚ್ಚು ಕಾರಣವೆಂದು ಅಜ್ಜಿಯ ವಾದ. ಆ ವಾದವನ್ನು ತಳ್ಳಿಹಾಕುವಂತೆಯೂ ಇಲ್ಲ.

ಮೃಗಶಿರಾ ಮಳೆ ಬಿದ್ದ ದಿನ ಮುಳ್ಳು 68ಕ್ಕೆ ಹೋಯಿತು. ಯಂತ್ರವನ್ನು ತೊಳೆದು, ಬಿಸಿಲು ಬಿದ್ದಾಗ ಒಣಗಿಸಿ, ರಟ್ಟಿನ ಪೆಟ್ಟಿಗೆಗೆ ಸೇರಿಸಿದರು. ತೇವಮಾಪಕ ಮಾತ್ರ ಅಡುಗೆಮನೆಯ ಗೋಡೆಯಲ್ಲಿಯೇ ಉಳಿದಿದೆ. ಅಂಕಿ ಓದಲು ಮೊಮ್ಮಗಳನ್ನು ಕರೆದು, ಅವಳು ಹೇಳಿದ್ದನ್ನು ಕೇಳಿಯೇ ಅಜ್ಜಿ ಹಪ್ಪಳದ ಡಬ್ಬಿಯ ಮುಚ್ಚಳ ತೆಗೆಯುತ್ತಾರೆ.